ತೂಗುಗುಂಡಿನ ಎದುರು ಸ್ಕೋಪ್

25 ಮೀಟರಿನಲ್ಲಿ ಪೆಲೆಟ್ಟುಗಳೆಲ್ಲ ಒಂದೇ ತೂತಿಗೆ ಬೀಳುವಂತೆ ಏರ್ ರೈಫಲ್ಲಿನ ಸ್ಕೋಪನ್ನು ಹೊಂದಿಸಿಕೊಂಡವರಿಗೆ, ಗುರಿಯನ್ನು 50 ಮೀಟರಿಗೆ ಒಯ್ದಾಗ ಒಂದು ತಲೆನೋವು ಎದುರಾಗುವುದುಂಟು. ಗಾಳಿ ಇಲ್ಲ, ಕೈ ಅಲುಗಿಲ್ಲ, ಆದರೂ ಏಟು ಬಲಕ್ಕೆ ಸರಿದಿದೆ. ಪಕ್ಕದ ತಿರುಪನ್ನು ತಿರುವಿ ಅದನ್ನು ನಡುವಿಗೆ ತಂದು ಮತ್ತೆ 25 ಮೀಟರಿಗೆ ಬಂದರೆ ಏಟು ಎಡಕ್ಕೆ. ಪೆಲೆಟ್ ಬದಲಾಯಿಸುತ್ತಾರೆ, ಬ್ಯಾರೆಲ್ ಒರೆಸುತ್ತಾರೆ, ಕೊನೆಗೆ ಸ್ಕೋಪೇ ಕೆಟ್ಟಿದೆ ಅಂತ ಬಂದಷ್ಟಕ್ಕೆ ಮಾರಿಬಿಡುತ್ತಾರೆ. ಬಹಳ ಸಲ ಕೆಟ್ಟಿರುವುದು ಏನೂ ಇರುವುದಿಲ್ಲ. ಸ್ಕೋಪನ್ನು ಕೂರಿಸುವಾಗ ಅದರೊಳಗಿನ ನಿಂತ ಗೆರೆ ಒಂದಿಷ್ಟು ವಾಲಿರುತ್ತದೆ, ಅಷ್ಟೇ.

ಸ್ಕೋಪ್ ಅಂದರೆ ಬಂದೂಕಿನ ಬೆನ್ನ ಮೇಲೆ ಕೂತ ಸಣ್ಣ ದೂರದರ್ಶಕ. ಅದರೊಳಗೆ, ಮಸೂರದಿಂದ ಬಿಂಬ ಮೂಡುವ ಜಾಗದಲ್ಲೇ, ಅಡ್ಡ ಮತ್ತು ಉದ್ದ ಗೆರೆಗಳು ಕೂಡುವ ಒಂದು ಗುರುತು ಇರುತ್ತದೆ. ಅದೇ ರೆಟಿಕಲ್. ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕೋಯಿನ್ ಎಂಬ ತರುಣ 1630ರ ದಶಕದ ಕೊನೆಯ ಹೊತ್ತಿಗೆ ತನ್ನ ದೂರದರ್ಶಕದೊಳಗೆ ಜೇಡ ಎಳೆದ ನೂಲು ಆಕಾಶದ ಬಿಂಬದ ಜೊತೆಗೇ ಸ್ಪಷ್ಟವಾಗಿ ಕಾಣುವುದನ್ನು ಗಮನಿಸಿದ. ಅಲ್ಲಿಂದ ದೂರದರ್ಶಕ ನೋಡುವ ಸಾಧನವಷ್ಟೇ ಆಗಿ ಉಳಿಯದೆ ಅಳೆಯುವ ಸಾಧನವಾಯಿತು. 1644ರಲ್ಲಿ ಮಾರ್ಸ್ಟನ್ ಮೂರ್ ಕದನದಲ್ಲಿ ಆತ ಸತ್ತ. ಮುಂದೆ ಬಹುಕಾಲ ಜೇಡರ ಹುಳುವಿನ ನೂಲು, ಆಮೇಲೆ ಕೂದಲಿಗಿಂತ ಸಣ್ಣ ತಂತಿ, ಈಗ ಗಾಜಿನ ಮೇಲೆ ಕೊರೆದ ಗೆರೆ. ಕೆಲಸ ಮಾತ್ರ ಅದೇ.

ಸ್ಕೋಪಿನ ಕೊಳವೆ ಗುಂಡಗಿದೆ ಎಂಬುದೇ ಎಲ್ಲ ತೊಂದರೆಗೂ ಮೂಲ. ಒಂದು ಅಂಗುಲವೋ 30 ಮಿಲಿಮೀಟರೋ ದಪ್ಪದ ಕೊಳವೆಯನ್ನು ಎರಡು ರಿಂಗುಗಳ ಕೆಳಭಾಗದಲ್ಲಿ ಮಲಗಿಸಿ, ಮೇಲಿಂದ ಅರ್ಧ ಬಳೆಯಂಥ ಮುಚ್ಚಳ ಹಾಕಿ ಸ್ಕ್ರೂ ಬಿಗಿಯುತ್ತಾರೆ. ಬಿಗಿಯುವ ತನಕ ಅದು ಯಾವ ಕೋನಕ್ಕೆ ಬೇಕಾದರೂ ಹೊರಳುತ್ತದೆ. ಇದು ಮೇಲು, ಇದು ಕೆಳಗೆ ಎಂದು ಹೇಳುವ ತೋಡಾಗಲಿ ಕೀಲಿಯಾಗಲಿ ಕೊಳವೆಯ ಮೈಮೇಲೆ ಇಲ್ಲ. ಮೇಲೊಂದು, ಪಕ್ಕದಲ್ಲೊಂದು ಟರೆಟ್ ಎಂಬ ತಿರುಪು ಇರುತ್ತದೆ. ಮೇಲಿನದನ್ನು ತಿರುವಿದರೆ ಏಟು ಮೇಲೆ ಕೆಳಗೆ ಹೋಗಬೇಕು, ಪಕ್ಕದ್ದನ್ನು ತಿರುವಿದರೆ ಎಡಕ್ಕೆ ಬಲಕ್ಕೆ. ಆದರೆ ಈ ‘ಮೇಲೆ’ ಎನ್ನುವುದು ಸ್ಕೋಪಿನ ಮೇಲೆ. ಸ್ಕೋಪ್ ಹೊರಳಿದ್ದರೆ ಅದರ ‘ಮೇಲೆ’ಯೂ ಹೊರಳಿರುತ್ತದೆ.

ಬ್ಯಾರೆಲ್ ಬಿಟ್ಟ ಗುಂಡು ಮಾತ್ರ ಸ್ಕೋಪಿನ ಮಾತು ಕೇಳುವುದಿಲ್ಲ. ಅದು ಬೀಳುವುದು ನೆಲದ ಕಡೆಗೆ, ನೆಟ್ಟಗೆ. ದೂರ ಹೆಚ್ಚಿದಷ್ಟೂ ಬೀಳುವುದು ಹೆಚ್ಚು. ಅದನ್ನು ಸರಿದೂಗಿಸಲು ಟರೆಟ್ಟಿನಿಂದ ಮೇಲೆತ್ತುತ್ತೇವೆ, ಇಲ್ಲವೇ ರೆಟಿಕಲ್ಲಿನ ಕೆಳಗಿನ ಗುರುತನ್ನು ಗುರಿಯ ಮೇಲಿಡುತ್ತೇವೆ. ಬೀಳುವ ಗೆರೆಯೂ ಎತ್ತುವ ಗೆರೆಯೂ ಒಂದೇ ಆಗಿದ್ದರೆ ಏಟು ಗುರಿಗೆ ಕೂರುತ್ತದೆ. ಎತ್ತುವ ಗೆರೆ ಬಲಕ್ಕೆ ವಾಲಿದ್ದರೆ ಎತ್ತಿದಷ್ಟಕ್ಕೂ ಒಂದು ಪಾಲು ಬಲಕ್ಕೆ ಸೋರಿಹೋಗುತ್ತದೆ. ಹೈಸ್ಕೂಲಿನ ತ್ರಿಕೋನಮಿತಿ ಸಾಕು: ಎತ್ತಿದ ಪ್ರಮಾಣವನ್ನು ವಾಲಿದ ಕೋನದ ಸೈನ್‌ನಿಂದ ಗುಣಿಸಿ. 50 ಮೀಟರಿಗೆ 12 ಸೆಂಟಿಮೀಟರ್ ಎತ್ತಬೇಕು, ರೆಟಿಕಲ್ 5 ಡಿಗ್ರಿ ವಾಲಿದೆ ಎಂದುಕೊಳ್ಳಿ. ಏಟು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಪಕ್ಕಕ್ಕೆ. ಪೆಲೆಟ್ಟಿನ ದಪ್ಪವೇ 4.5 ಮಿಲಿಮೀಟರ್ ಇರುವಾಗ ಇದು ಸಣ್ಣ ತಪ್ಪೇನಲ್ಲ. ದೂರದ ರೈಫಲ್ಲುಗಳ ಲೆಕ್ಕ ಇನ್ನೂ ಕಟುವಾದದ್ದು. ಅಲ್ಲಿ ಮಿಲ್ ಎಂಬ ಅಳತೆ ನಡೆಯುತ್ತದೆ. 100 ಮೀಟರಿನಲ್ಲಿ ಒಂದು ಮಿಲ್ ಅಂದರೆ 10 ಸೆಂಟಿಮೀಟರ್, 1,000 ಮೀಟರಿನಲ್ಲಿ ಒಂದು ಮೀಟರ್. ಅಷ್ಟು ದೂರಕ್ಕೆ 10 ಮಿಲ್ ಎತ್ತಬೇಕಾಗಿ ಬಂದರೆ, ಒಂದೇ ಒಂದು ಡಿಗ್ರಿ ವಾಲಿಗೆ ಏಟು 17 ಸೆಂಟಿಮೀಟರ್ ಪಕ್ಕಕ್ಕೆ, 3 ಡಿಗ್ರಿಗೆ ಅರ್ಧ ಮೀಟರಿಗೂ ಹೆಚ್ಚು. ಗಾಳಿ ಬೀಸಿತು ಎಂದು ಗಾಳಿಯ ಮೇಲೆ ಹಾಕುವ ಎಷ್ಟೋ ತಪ್ಪು ನಿಜವಾಗಿ ಇದರದ್ದು.

ಇಲ್ಲಿ ಬಹಳ ಮಂದಿ ದಾರಿ ತಪ್ಪುವ ಒಂದು ಜಾಗವಿದೆ. ರೆಟಿಕಲ್ ಬಂದೂಕಿಗೆ ನೇರವಾಗಿರಬೇಕು ಎಂದುಕೊಂಡು, ರಿಂಗುಗಳು ಕೂರುವ ರೈಲಿನ ಚಪ್ಪಟೆಗೂ ಟರೆಟ್ಟಿನ ಮುಚ್ಚಳಕ್ಕೂ ಹೊಂದಿಸುತ್ತಾ ಕೂರುತ್ತಾರೆ. ರೆಟಿಕಲ್ ನೇರವಾಗಬೇಕಾದದ್ದು ಭೂಮಿಗೆ. ಲೆಕ್ಕ ಮಾಡಿ ನೋಡಿ. ಬ್ಯಾರೆಲ್ಲಿಗಿಂತ ಸ್ಕೋಪ್ 5 ಸೆಂಟಿಮೀಟರ್ ಮೇಲಿದೆ, ರೆಟಿಕಲ್ ನೆಲಕ್ಕೆ ಸರಿಯಾಗಿ ಲಂಬವಾಗಿದೆ, ಆದರೆ ಕೆಳಗಿನ ಬಂದೂಕು ಮಾತ್ರ 3 ಡಿಗ್ರಿ ಓರೆಯಾಗಿದೆ ಎಂದಿಟ್ಟುಕೊಳ್ಳೋಣ. ಆಗ ಬ್ಯಾರೆಲ್ ಸ್ಕೋಪಿನ ನೇರ ಕೆಳಗಿರದೆ ಎರಡೂವರೆ ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. 100 ಮೀಟರಿಗೆ ಹೊಂದಿಸಿಕೊಂಡರೆ 1,000 ಮೀಟರಿನಲ್ಲೂ ಇದರಿಂದ ಆಗುವ ತಪ್ಪು ಎರಡೂವರೆ ಸೆಂಟಿಮೀಟರ್ ದಾಟುವುದಿಲ್ಲ. ಅದೇ 3 ಡಿಗ್ರಿ ರೆಟಿಕಲ್ಲಿನಲ್ಲಿದ್ದರೆ ಅರ್ಧ ಮೀಟರ್. ಎರಡೂ ವಾಲೇ, ಆದರೆ ಒಂದು ಇನ್ನೊಂದರ ಇಪ್ಪತ್ತು ಪಟ್ಟು. ಬಂದೂಕನ್ನೂ ನೆಟ್ಟಗೆ ಹಿಡಿಯುವುದು ಒಳ್ಳೆಯ ಅಭ್ಯಾಸವೇ. ಆದರೆ ಯಾವುದನ್ನು ಮೊದಲು, ಯಾವುದಕ್ಕೆ ಹೊಂದಿಸಬೇಕು ಎಂಬ ಪ್ರಶ್ನೆಗೆ ಉತ್ತರ ಒಂದೇ: ರೆಟಿಕಲ್ಲನ್ನು, ಭೂಮಿಗೆ.

ಭೂಮಿಗೆ ನೇರ ಎಂಬುದನ್ನು ಕಂಡುಕೊಳ್ಳುವುದು ಹೇಗೆ? ಬೆಂಗಳೂರಿನ ಉತ್ತರದ ಭಾಗದಲ್ಲಿ ಇದನ್ನು ಬಲ್ಲವರಿಗೆ ಬರವಿಲ್ಲ. ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಜಾಲಹಳ್ಳಿಯ ಕಡೆ ನೆಲೆಯಾದವು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಈಗಿನ ಸಿಎಂಟಿಐ ಎಂಬ ಯಂತ್ರೋಪಕರಣ ಸಂಸ್ಥೆ ಬಂತು. ಅದರಾಚೆ ಪೀಣ್ಯದ ಸಾವಿರಾರು ಶೆಡ್ಡುಗಳು. ಯಶವಂತಪುರ, ಮತ್ತಿಕೆರೆ, ಯಲಹಂಕದ ಮನೆಮನೆಗಳಲ್ಲಿ ಲೇತ್ ಮುಂದೆ ಆಯುಷ್ಯ ಕಳೆದವರು ಸಿಗುತ್ತಾರೆ. ಲೇತನ್ನು ನೆಲಕ್ಕೆ ಕೂರಿಸುವಾಗ ಬಳಸುವ ಒಳ್ಳೆಯ ಮಶೀನ್ ಲೆವೆಲ್ ಒಂದು ಮೀಟರಿಗೆ 0.02 ಮಿಲಿಮೀಟರ್ ಏರುಪೇರನ್ನೂ ತೋರಿಸುತ್ತದೆ. ಆ ಕೈಗಳಿಗೆ ಒಂದು ಡಿಗ್ರಿ ಅಂದರೆ ಕಣ್ಣಿಗೆ ರಾಚುವ ತಪ್ಪು.

ಯಲಹಂಕ ಉಪನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಅಂಥ ಒಬ್ಬ ನಿವೃತ್ತ ಫಿಟ್ಟರ್ ಇದ್ದಾರೆ. ಕೆಳಗಿನ ಮನೆಯ ಕಾಲೇಜು ಹುಡುಗ ಹೊಸ ಸ್ಕೋಪ್ ತಂದು, ಅದರ ಜೊತೆ ಕೊಂಡ ಬೆರಳುದ್ದದ ಎರಡು ಸ್ಪಿರಿಟ್ ಲೆವೆಲ್ಲುಗಳನ್ನು ಅವರ ಮುಂದಿಟ್ಟ. ಒಂದನ್ನು ರೈಫಲ್ಲಿನ ರೈಲಿನ ಮೇಲೆ, ಇನ್ನೊಂದನ್ನು ಟರೆಟ್ಟಿನ ಮುಚ್ಚಳದ ಮೇಲೆ ಇಟ್ಟು ಎರಡೂ ಗುಳ್ಳೆ ನಡುವಿಗೆ ಬಂದರೆ ಮುಗಿಯಿತು ಎಂದು ಅವನ ಲೆಕ್ಕ. ಅವರು ಮಾತಾಡದೆ ಒಂದು ಲೆವೆಲ್ಲನ್ನು ಗಾಜಿನ ಟೀಪಾಯಿಯ ಮೇಲಿಟ್ಟರು. ಗುಳ್ಳೆ ಎಲ್ಲಿ ನಿಂತಿತು ನೋಡಿದರು. ಅದನ್ನೇ ಹಿಂದುಮುಂದಾಗಿ ತಿರುಗಿಸಿ ಅದೇ ಜಾಗದಲ್ಲಿಟ್ಟರು. ಗುಳ್ಳೆ ಬೇರೆ ಕಡೆ ನಿಂತಿತು.

“ನೋಡಪ್ಪಾ, ಈ ಕಡೆ ಇಟ್ರೆ ಒಂದು ಹೇಳುತ್ತೆ, ಆ ಕಡೆ ಇಟ್ರೆ ಇನ್ನೊಂದು. ಯಾವುದನ್ನ ನಂಬ್ತೀಯ?”

“ಹಂಗಾದ್ರೆ ಏನ್ ಮಾಡೋದು ಅಂಕಲ್?”

“ಗಾರೆಯವರ ಹತ್ರ ತೂಗುಗುಂಡು ಇಸ್ಕೊಂಡು ಬಾ. ಒಂದು ಬಕೆಟ್ ನೀರು ತುಂಬ್ಸು.”

ಸ್ಪಿರಿಟ್ ಲೆವೆಲ್ ಸರಿಯಿದ್ದರೂ ಈ ಪದ್ಧತಿಯಲ್ಲಿ ಒಂದು ಬಡತನವಿದೆ. ಲೆವೆಲ್ ಕೂರುವ ರೈಲಿನ ಅಗಲ ಸುಮಾರು 2 ಸೆಂಟಿಮೀಟರ್. ಅಷ್ಟು ಅಗಲಕ್ಕೆ ಒಂದು ಡಿಗ್ರಿ ಅಂದರೆ ಎತ್ತರದಲ್ಲಿ ಮೂರನೇ ಒಂದು ಮಿಲಿಮೀಟರ್ ವ್ಯತ್ಯಾಸ, ಝೆರಾಕ್ಸ್ ಹಾಳೆ ಮೂರನ್ನು ಒಂದರ ಮೇಲೊಂದು ಇಟ್ಟಷ್ಟು. ಅಂಚಿನಲ್ಲಿ ಒಂದು ಬರ್, ಬಣ್ಣದ ಒಂದು ಸಿಪ್ಪೆ, ಎಣ್ಣೆಯ ಜಿಡ್ಡಿಗೆ ಅಂಟಿದ ಒಂದು ಮರಳಕಣ, ಇಷ್ಟು ಸಾಕು ಕೋನ ಕೆಡಲು. ಮುಚ್ಚಳದ ಚಪ್ಪಟೆ ಒಳಗಿನ ಗೆರೆಗೆ ಸರಿಯಾಗಿ ಅಡ್ಡವಿದೆ ಎಂಬುದಕ್ಕೂ ಯಾರ ಖಾತರಿಯೂ ಇಲ್ಲ. ಹಾಗೆ ನೋಡಿದರೆ ಅಲ್ಲಿ ಅಳೆಯುತ್ತಿರುವುದು ಮುಚ್ಚಳವನ್ನು, ರೆಟಿಕಲ್ಲನ್ನಲ್ಲ. ಎರಡು ಮೀಟರ್ ಉದ್ದದ ದಾರವಾದರೋ ಒಂದು ಡಿಗ್ರಿಗೆ ಮೂರೂವರೆ ಸೆಂಟಿಮೀಟರ್ ಸರಿಯುತ್ತದೆ. ಅದಕ್ಕೆ ಬರ್ ಇಲ್ಲ, ಬಣ್ಣ ಇಲ್ಲ, ತಯಾರಿಕೆಯ ತಪ್ಪು ಇಲ್ಲ. ತುದಿಗೆ ಭಾರ ಕಟ್ಟಿ ಬಿಟ್ಟರೆ ಅದು ನಿಲ್ಲುವುದು ಒಂದೇ ರೀತಿ, ಗುಂಡು ಬೀಳುವ ಗೆರೆಯಲ್ಲೇ.

ತಾರಸಿಯಲ್ಲಿ ಅವರು ಮಾಡಿದ್ದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕೆಲಸದ ಸೂಕ್ಷ್ಮವೆಲ್ಲ ಕೊನೆಯ ಹತ್ತು ನಿಮಿಷದಲ್ಲಿದೆ. ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿನಿಂದ ಬಿಳಿ ನೈಲಾನ್ ದಾರ ಇಳಿಬಿಟ್ಟರು, ಗುಂಡು ಬಕೆಟ್ಟಿನ ನೀರಿನಲ್ಲಿ ಮುಳುಗಿತು. ಆಷಾಢದ ಗಾಳಿಗೆ ದಾರ ತೂಗಾಡದಂತೆ ನೀರು ಹಿಡಿದುಕೊಳ್ಳುತ್ತದೆ. ದಾರದ ಹಿಂದೆ ಲಿಫ್ಟ್ ಕೋಣೆಯ ಗೋಡೆ. ಬಿಳಿ ದಾರ ಬಿಳಿ ಗೋಡೆಗೆ ಕಾಣದು ಎಂದು ಒಂದು ಕರಿ ಚಾದರ ನೇತುಹಾಕಿಸಿದರು. ತಾರಸಿಯ ಈ ತುದಿಯಲ್ಲಿ, ಸುಮಾರು 20 ಮೀಟರ್ ದೂರದಲ್ಲಿ, ಹಳೆಯ ಬೆಂಚ್ ವೈಸಿನ ದವಡೆಗೆ ರಬ್ಬರ್ ಹಾಕಿ ರೈಫಲ್ಲನ್ನು ಹಿಡಿಸಿದರು. ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಎಂಬುದನ್ನು ಮೊದಲೇ ಎರಡೆರಡು ಸಲ ನೋಡಿಕೊಂಡಾಗಿತ್ತು. ರಿಂಗಿನ ಸ್ಕ್ರೂಗಳನ್ನು ಸ್ಕೋಪ್ ಬೆರಳಿಗೆ ಬಗ್ಗುವಷ್ಟು ಮಾತ್ರ ಸಡಿಲಿಸಿ, ಮುಂದಿನ ಬಳೆಯಿಂದ ಫೋಕಸ್ ಹತ್ತಿರಕ್ಕೆ ತಂದು, ಹುಡುಗನನ್ನು ನೋಡಲು ಕೂರಿಸಿದರು. 10 ಪಟ್ಟು ದೊಡ್ಡದಾಗಿಸುವ ಸ್ಕೋಪಿನಲ್ಲಿ 20 ಮೀಟರಿಗೆ ಮುಕ್ಕಾಲು ಮೀಟರಿನಷ್ಟು ದಾರ ಕಾಣುತ್ತದೆ. ನಿಂತ ಗೆರೆಯನ್ನು ದಾರದ ಪಕ್ಕಕ್ಕೆ ತಂದು, ನಡುವೆ ಕಾಣುವ ಸಂದಿ ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿದೆಯೇ ನೋಡಬೇಕು. ಗೆರೆಯನ್ನು ದಾರದ ಮೇಲೆಯೇ ಇಟ್ಟರೆ ಒಂದು ಇನ್ನೊಂದನ್ನು ಮುಚ್ಚಿ ಕಣ್ಣಿಗೆ ಮೋಸವಾಗುತ್ತದೆ. ಸಂದಿ ನೋಡುವುದರಲ್ಲಿ ಮನುಷ್ಯನ ಕಣ್ಣು ಬಲು ಚುರುಕು. ಡಿಗ್ರಿಯ ಐದನೇ ಒಂದು ಪಾಲನ್ನೂ ಹೀಗೆ ಹಿಡಿಯಬಹುದು.

ಹುಡುಗ ಸರಿಯಾಯಿತು ಎಂದ. ಫಿಟ್ಟರ್ ಸ್ಕ್ರೂ ಬಿಗಿಯಲು ಶುರುಮಾಡಿದರು. ಬಲಗಡೆಯ ಒಂದು ಸ್ಕ್ರೂ ಕಾಲು ಸುತ್ತು ತಿರುಗುವಷ್ಟರಲ್ಲೇ ಅವನು ಕೂಗಿದ, “ಹೋಯ್ತು ಅಂಕಲ್, ಬಾಗ್ತು.” ಇದೇ ಎಲ್ಲರ ಕೆಲಸ ಕೆಡುವ ಜಾಗ. ಮುಚ್ಚಳದ ಒಂದು ಕಡೆ ಮೊದಲು ಬಿಗಿಯಾದರೆ ಅದು ಕೊಳವೆಯನ್ನು ತನ್ನ ಕಡೆಗೆ ಎಳೆದುಕೊಂಡು ಹೊರಳಿಸುತ್ತದೆ. ಅವರು ಎಲ್ಲವನ್ನೂ ಸಡಿಲಿಸಿ, ಈ ಸಲ ಮುಚ್ಚಳದ ಎಡಬಲ ಎರಡೂ ಸಂದಿ ಸಮ ಇರುವಂತೆ ನೋಡಿಕೊಂಡು, ಒಂದು ಮೂಲೆಯ ಸ್ಕ್ರೂ ಬಿಗಿದ ಮೇಲೆ ಅದರ ಎದುರು ಮೂಲೆಯದ್ದು, ಆಮೇಲೆ ಇನ್ನೊಂದು ರಿಂಗಿನದ್ದು, ಎಂಟನೇ ಒಂದು ಸುತ್ತಿನಂತೆ ಸರದಿಯಲ್ಲಿ ಬಿಗಿದರು. ಪ್ರತಿ ಸರದಿಗೂ ಹುಡುಗ ದಾರದ ಪಕ್ಕದ ಸಂದಿ ನೋಡಿ ಹೇಳಬೇಕು. ಕೊನೆಗೆ ಟಾರ್ಕ್ ಡ್ರೈವರ್. ರಿಂಗಿನ ಸ್ಕ್ರೂಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವುದು 15ರಿಂದ 25 ಇಂಚ್-ಪೌಂಡ್. ಹೆಚ್ಚು ಬಿಗಿದರೆ ಕೊಳವೆ ನುಗ್ಗಾಗುತ್ತದೆ, ಒಳಗಿನ ಮಸೂರದ ಚಲನೆ ತಡೆಯುತ್ತದೆ. ಗಟ್ಟಿಯಾಗಿರಲಿ ಅಂತ ಮೊಣಕೈ ಊರಿ ಬಿಗಿಯುವ ನಮ್ಮ ಜನರ ಅಭ್ಯಾಸ ಸ್ಕೋಪುಗಳಿಗೆ ಬಹಳ ಹಾನಿ ಮಾಡಿದೆ ಎಂದು ನನ್ನ ಅಭಿಪ್ರಾಯ.

ದೂರದರ್ಶಕದೊಳಗಿನ ಗೆರೆಯನ್ನು ತೂಗುಗುಂಡಿಗೆ ಹೊಂದಿಸುವ ಈ ವಿದ್ಯೆ ಬಂದೂಕಿನವರದ್ದಲ್ಲ, ಭೂಮಾಪಕರದ್ದು. ಸಿವಿಲ್ ಎಂಜಿನಿಯರಿಂಗ್ ಓದಿದ ಯಾರನ್ನು ಕೇಳಿದರೂ ಸರ್ವೆ ಕ್ಯಾಂಪಿನಲ್ಲಿ ಕೋನ ಅಳೆಯುವ ಥಿಯೋಡೊಲೈಟ್ ಪರೀಕ್ಷಿಸಿದ್ದು ನೆನಪಿರುತ್ತದೆ: ಒಂದು ಚುಕ್ಕೆಗೆ ನಿಂತ ಗೆರೆಯನ್ನು ಹಿಡಿದು, ದೂರದರ್ಶಕವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಬೇಕು. ಚುಕ್ಕೆ ಗೆರೆ ಬಿಟ್ಟು ಕದಲಿದರೆ, ಗೆರೆ ಕಟ್ಟಿದ ಉಂಗುರದ ಸ್ಕ್ರೂ ಸಡಿಲಿಸಿ ಹೊರಳಿಸಿ ಸರಿಮಾಡಬೇಕು. ಯಲಹಂಕದ ತಾರಸಿಯಲ್ಲಿ ನಡೆದದ್ದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಉತ್ತರ ಬೆಂಗಳೂರಿಗೆ ದೊಡ್ಡ ಜಾಗವಿದೆ, ನಮಗೆ ಅದು ಮರೆತುಹೋಗಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಹೆಚ್ಚು ಉದ್ದದ ಒಂದು ಆಧಾರರೇಖೆಯನ್ನು ಸರಪಳಿ ಹಾಸಿ ಅಳೆದರು. ಭಾರತವನ್ನೇ ತ್ರಿಕೋನಗಳಲ್ಲಿ ಅಳೆದ ಮಹಾ ತ್ರಿಕೋನಮಿತಿ ಸರ್ವೆಗೆ ಅದು ಮುನ್ನುಡಿ. ಮುಂದೆ 1868ರಲ್ಲಿ ಅದೇ ಸರ್ವೆಯವರು ಬೆಂಗಳೂರಿನಲ್ಲಿ ಹೊಸ ಆಧಾರರೇಖೆ ಅಳೆದರು. ಅದರ ನೈರುತ್ಯದ ತುದಿ ಈಗಿನ ಮೇಖ್ರಿ ವೃತ್ತದ ಬಳಿ, ಈಶಾನ್ಯದ ತುದಿ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ. ನಡುವೆ ಸುಮಾರು 6.8 ಮೈಲಿ, ಅಂದರೆ 11 ಕಿಲೋಮೀಟರಿಗೆ ಹತ್ತಿರ. ಇವತ್ತಿನ ನಕಾಶೆಯಲ್ಲಿ ಗೆರೆ ಎಳೆದು ನೋಡಿದರೆ ಅದು ಆರ್.ಟಿ. ನಗರದ ಆಸುಪಾಸಿನಿಂದ ಹೊರಟು ಥಣಿಸಂದ್ರದ ಕಡೆ ಹಾಯುತ್ತದೆ. ಹೆಬ್ಬಾಳದ ಫ್ಲೈಓವರಿನ ಮೇಲೆ ದಿನವೂ ಸಿಕ್ಕಿಹಾಕಿಕೊಳ್ಳುವ ಲಕ್ಷಾಂತರ ಮಂದಿಗೆ, ತಮ್ಮ ಪೂರ್ವಕ್ಕೇ ಅಂಥದೊಂದು ಗೆರೆ ಹರಿದಿತ್ತು ಎಂಬುದು ಗೊತ್ತಿದ್ದರೆ ಚೆನ್ನಾಗಿತ್ತು.

ಆ ಅಳತೆ ಹೇಗೆ ನಡೆಯಿತು ಎನ್ನುವುದನ್ನು ನೆನೆದರೆ ಮೈ ನವಿರೇಳುತ್ತದೆ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ, ಅಳತೆ ಕೆಡುತ್ತದೆ. ಅದಕ್ಕೆ ಕಬ್ಬಿಣ ಮತ್ತು ಹಿತ್ತಾಳೆಯ ಎರಡು ಪಟ್ಟಿಗಳನ್ನು ಜೋಡಿಸಿ, ಒಂದರ ಹಿಗ್ಗನ್ನು ಇನ್ನೊಂದರ ಹಿಗ್ಗು ಹೊಡೆದುಹಾಕುವಂತೆ ಕೋಲ್ಬಿ ಎಂಬ ಅಧಿಕಾರಿ ರೂಪಿಸಿದ್ದ 10 ಅಡಿಯ ದಂಡಗಳನ್ನು ಬಳಸಿದರು. ಅಂಥ ಆರು ದಂಡಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದನ್ನೂ ಮಟ್ಟ ಮಾಡಿ, ನಡುವಿನ ಸಂದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಸರಿಮಾಡಿ, ಆಮೇಲೆ ಹಿಂದಿನ ಸಾಲನ್ನು ಎತ್ತಿ ಮುಂದಕ್ಕೆ. ಅದೇ ದಂಡಗಳಿಂದ ಅಳೆದ ಭಾರತದ ಆಧಾರರೇಖೆಗಳಲ್ಲಿ ನಮ್ಮ ಬೀದರಿನದೂ ಒಂದು, 1841ರದ್ದು. ಮಟ್ಟ ಒಂದಿಷ್ಟು ತಪ್ಪಿದರೆ ದಂಡ ನೆಲಕ್ಕೆ ಓರೆಯಾಗಿ ಅಳತೆ ಉದ್ದವಾಗಿಬಿಡುತ್ತದೆ. ಆ ತಪ್ಪು ಇಡೀ ದಕ್ಷಿಣ ಭಾರತದ ತ್ರಿಕೋನಗಳಿಗೆ ಹರಡುತ್ತದೆ. ಈ ಕೆಲಸದ ಕೀರ್ತಿ ಬಿಳಿಯ ಅಧಿಕಾರಿಗಳ ಹೆಸರಿನಲ್ಲೇ ಉಳಿದಿದೆ. ಉಪಕರಣಗಳನ್ನು ಬಿಚ್ಚಿ, ಒರೆಸಿ, ಗೆರೆ ಕಟ್ಟಿ, ಮತ್ತೆ ಜೋಡಿಸುತ್ತಿದ್ದ ಕೈಗಳ ಪೈಕಿ ಒಬ್ಬರ ಹೆಸರಾದರೂ ನಮಗೆ ಉಳಿದಿರುವುದು ಸಮಾಧಾನ: ಆರ್ಕಾಟಿನ ಸೈಯದ್ ಮೀರ್ ಮೊಹಸಿನ್ ಹುಸೇನ್. ಸರ್ವೆಯ ಮುಖ್ಯಸ್ಥ ಜಾರ್ಜ್ ಎವರೆಸ್ಟರ ಕಾಲದಲ್ಲಿ ಯುರೋಪಿನಿಂದ ಬಂದ ಕುಶಲಿಗಳ ಜಾಗಕ್ಕೆ ಏರಿ, ಸರ್ವೆಯ ದೊಡ್ಡ ಥಿಯೋಡೊಲೈಟುಗಳನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡಿದವರು ಅವರು.

ಕಣ್ಣೂರಿನ ತುದಿಯ ಮೇಲೆ ಕಟ್ಟಿದ್ದ ಕಲ್ಲಿನ ವೀಕ್ಷಣಾ ಕಟ್ಟಡ ಒಂದೂವರೆ ಶತಮಾನ ನಿಂತಿತ್ತು. 2024ರಲ್ಲಿ ಅದನ್ನು ನೆಲಸಮ ಮಾಡಲಾಯಿತು. ಸೈಟಿನ ಬೆಲೆ ಏರಿದ ಕಡೆ ಹಳೆಯ ಕಲ್ಲುಗಳಿಗೆ ಉಳಿಗಾಲವಿಲ್ಲ ಎಂದು ಕೈಚೆಲ್ಲುವುದು ನನಗೆ ಸಾಧ್ಯವಾಗುವುದಿಲ್ಲ. ಈ ನಗರ ನಿಖರತೆಯಿಂದ ಅನ್ನ ತಿಂದ ನಗರ. ಗಡಿಯಾರ, ಲೇತ್, ರೇಡಾರ್, ಉಪಗ್ರಹ, ಎಲ್ಲವೂ ಇಲ್ಲಿ ಆದವು. ಆ ನಿಖರತೆಯ ಅತಿ ಹಳೆಯ ಸಾಕ್ಷಿಗಳಲ್ಲಿ ಒಂದನ್ನು ಉಳಿಸಿಕೊಳ್ಳಲು ನಮಗೆ ಒಂದು ಬೇಲಿ, ಒಂದು ಫಲಕ ಸಾಕಾಗಿತ್ತು.

ತೂಗುಗುಂಡನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೂ ಈ ಸರ್ವೆಯೇ ಉತ್ತರ ಕೊಟ್ಟಿದೆ. ಕಲಿಯಾನಾ ಮತ್ತು ಕಲಿಯಾನಪುರ ಎಂಬ ಎರಡು ಸರ್ವೆ ಠಾಣೆಗಳ ನಡುವಿನ ಅಕ್ಷಾಂಶದ ಅಂತರವನ್ನು ಎವರೆಸ್ಟ್ ಎರಡು ದಾರಿಯಲ್ಲಿ ಕಂಡುಕೊಂಡರು, ನೆಲದ ತ್ರಿಕೋನಗಳಿಂದ ಒಮ್ಮೆ, ನಕ್ಷತ್ರ ನೋಡಿ ಇನ್ನೊಮ್ಮೆ. ಎರಡಕ್ಕೂ 5.236 ಸೆಕೆಂಡ್ ಕೋನದ ವ್ಯತ್ಯಾಸ ಬಂತು. ಹಿಮಾಲಯದ ರಾಶಿ ಗುಂಡನ್ನು ತನ್ನ ಕಡೆಗೆ ಎಳೆಯುತ್ತಿದೆಯೇ ಎಂದು 1850ರ ದಶಕದಲ್ಲಿ ಕಲ್ಕತ್ತೆಯ ಪಾದ್ರಿ ಜಾನ್ ಪ್ರಾಟ್ ಲೆಕ್ಕ ಹಾಕಿದರೆ, ಎಳೆತ 15 ಸೆಕೆಂಡಿಗೂ ಹೆಚ್ಚಿರಬೇಕಿತ್ತು ಎಂದು ಬಂತು. ಪರ್ವತ ಇಷ್ಟು ಕಡಿಮೆ ಎಳೆಯುವುದೇಕೆ ಎಂಬ ಹುಡುಕಾಟದಿಂದಲೇ, ಬೆಟ್ಟಗಳ ಕೆಳಗೆ ಹಗುರ ಬೇರು ಇಳಿದಿದೆ ಎಂಬ ಭೂವಿಜ್ಞಾನದ ದೊಡ್ಡ ತಿಳಿವಳಿಕೆ ಹುಟ್ಟಿತು. ನಮ್ಮ ಕೆಲಸಕ್ಕೆ ಬೇಕಾದದ್ದು ಇಷ್ಟು: ವಿಜ್ಞಾನಿಗಳ ನಿದ್ದೆಗೆಡಿಸಿದ ಆ 5 ಸೆಕೆಂಡ್ ಅಂದರೆ ಒಂದು ಡಿಗ್ರಿಯ 720ನೇ ಒಂದು ಪಾಲು. ಸ್ಕೋಪ್ ಕೂರಿಸುವವರಿಗೆ ಗಾರೆಯವರ ಗುಂಡಿಗಿಂತ ಸಾಚಾ ಸಾಕ್ಷಿ ಇನ್ನೊಂದಿಲ್ಲ.

ಹಾಗೆಂದು ದಾರ ಮಾತ್ರವೇ ದಾರಿಯಲ್ಲ. ರಾತ್ರಿ ಕೋಣೆಯಲ್ಲಿ ಕಣ್ಣಿಡುವ ಕಡೆಯಿಂದ ಟಾರ್ಚ್ ಬಿಟ್ಟರೆ ರೆಟಿಕಲ್ಲಿನ ನೆರಳು ಎದುರು ಗೋಡೆಗೆ ಮೂಡುತ್ತದೆ; ಗೋಡೆಗೆ ದಾರ ಇಳಿಬಿಟ್ಟು ಅದಕ್ಕೆ ಹೊಂದಿಸಬಹುದು. ಹೊರಗೆ ಹೋಗಲಾಗದವರಿಗೆ ಇದು ಬಹಳ ಅನುಕೂಲ. ಕೆಲವು ಸ್ಕೋಪುಗಳ ಹೊಟ್ಟೆಯ ಕೆಳಗೆ ಚಪ್ಪಟೆ ಭಾಗ ಇರುತ್ತದೆ, ಅದಕ್ಕೂ ರೈಲಿಗೂ ನಡುವೆ ಫೀಲರ್ ಗೇಜಿನ ಎಲೆಗಳನ್ನು ತೂರಿಸಿ ಸಮ ಮಾಡುತ್ತಾರೆ. ಬಂದೂಕಿಗೆ ಹೊಂದಿಸುವ ಪದ್ಧತಿ ಇದು, ಒಳ್ಳೆಯ ಮಾಲಾದರೆ ಸಾಕಷ್ಟು ನಂಬಬಹುದು. ಎತ್ತರದ ಕಟ್ಟಡದ ಅಂಚನ್ನೇ ದಾರದಂತೆ ಬಳಸಿ ಎಂದು ಸಲಹೆ ಕೊಡುವವರಿದ್ದಾರೆ. ನಗರದಲ್ಲಿ ಅದನ್ನು ಮಾಡಲೇಬಾರದು. ಕಿಟಕಿಯಿಂದ ಬಂದೂಕು ಎದುರಿನ ಮನೆಗಳ ಕಡೆ ಚಾಚುವುದು, ಅದು ಖಾಲಿಯೇ ಇರಲಿ, ಏರ್ ರೈಫಲ್ಲೇ ಇರಲಿ, ನೋಡಿದವರ ಎದೆ ಒಡೆಯುವ ಕೆಲಸ. 2016ರ ಶಸ್ತ್ರಾಸ್ತ್ರ ನಿಯಮಗಳು 4.5 ಮಿಲಿಮೀಟರ್ ಮೀರದ, 20 ಜೂಲ್ ಶಕ್ತಿಯೊಳಗಿನ ಏರ್ ರೈಫಲ್ಲಿಗೆ ಪರವಾನಗಿ ಕೇಳುವುದಿಲ್ಲ ನಿಜ. ನೆರೆಯವರ ನೆಮ್ಮದಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ನಮ್ಮ ಫಿಟ್ಟರ್ ತಾರಸಿಯ ಬಾಗಿಲು ಹಾಕಿಸಿ, ಗೋಡೆಗೆ ಮುಖ ಮಾಡಿಯೇ ಕೆಲಸ ಮಾಡಿದ್ದು ಅದಕ್ಕೇ.

ಇಷ್ಟೆಲ್ಲ ಮಾಡಿದ ಮೇಲೂ ಎಷ್ಟೋ ಮಂದಿಗೆ ಸ್ಕೋಪ್ ಓರೆಯಾಗಿಯೇ ಕಾಣುತ್ತದೆ. ವೈಸಿನಿಂದ ಬಿಡಿಸಿ ಭುಜಕ್ಕೆ ಆನಿಸಿದ ಕೂಡಲೇ “ಎಡಕ್ಕೆ ವಾಲಿದೆ” ಅನ್ನುತ್ತಾರೆ. ಆ ಮಾತಿನಲ್ಲೂ ನಿಜವಿದೆ. ಕೆನ್ನೆ ಊರಲು ತಲೆ ಬಾಗಿಸಿದಾಗ ನಮ್ಮ ಮೆದುಳು ಲಂಬವನ್ನು ಅಂದಾಜು ಮಾಡುವುದರಲ್ಲಿ ತಪ್ಪುತ್ತದೆ. ಜರ್ಮನಿಯ ಶರೀರಶಾಸ್ತ್ರಜ್ಞ ಹರ್ಮನ್ ಆಬರ್ಟ್ ಇದನ್ನು 1861ರಲ್ಲೇ ದಾಖಲಿಸಿದ್ದ. ಅದರ ಮೇಲೆ, ಪ್ರತಿಯೊಬ್ಬರ ಭುಜ, ಕತ್ತು, ಕೈ ಬೇರೆ. ಬಂದೂಕು ಸಹಜವಾಗಿ ನಿಲ್ಲುವ ಓರೆಯೂ ಬೇರೆ. ಒಲಿಂಪಿಕ್ ರೈಫಲ್ ಸ್ಪರ್ಧಿಗಳು ಇದನ್ನು ತಪ್ಪೆಂದು ಭಾವಿಸುವುದೇ ಇಲ್ಲ. 2023ರಲ್ಲಿ ಚಾಂಗ್‌ವಾನ್‌ನಲ್ಲಿ 10 ಮೀಟರ್ ಏರ್ ರೈಫಲ್ಲಿನಲ್ಲಿ ಬೆಳ್ಳಿ ಗೆದ್ದ ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ ಆಡುವ ಆಟದಲ್ಲಿ ಸ್ಕೋಪೇ ಇಲ್ಲ. ಹಿಂದೆ ಸಣ್ಣ ಕಿಂಡಿ, ಮುಂದೆ ಒಂದು ಉಂಗುರ. ಅಲ್ಲಿ ಬಂದೂಕನ್ನು ಒಂದಿಷ್ಟು ಓರೆಯಾಗಿ ಹಿಡಿಯುವವರು ಬಹಳ. ಓರೆ ಎಷ್ಟೇ ಇರಲಿ, ಪ್ರತಿ ಏಟಿಗೂ ಅಷ್ಟೇ ಇರಬೇಕು, ಅದಕ್ಕಾಗಿ ಮುಂದಿನ ಸೈಟಿನ ಬಳಿ ಪುಟ್ಟ ಗುಳ್ಳೆಮಟ್ಟ ಹಾಕಿಕೊಳ್ಳಲು ನಿಯಮವೂ ಅವಕಾಶ ಕೊಡುತ್ತದೆ. ದೂರ ಒಂದೇ ಆಗಿರುವ ಆಟದಲ್ಲಿ ಇದು ಸಾಕು. ದೂರ ಬದಲಾಗುವ ಕಡೆ, ಸ್ಕೋಪ್ ಇರುವ ಕಡೆ, ಇನ್ನೊಂದು ಹೆಜ್ಜೆ ಬೇಕು: ನಿಮ್ಮ ಭುಜಕ್ಕೆ ಒಗ್ಗುವ ಹಿಡಿತದಲ್ಲಿ ಬಂದೂಕು ನಿಂತಿರುವಾಗ ರೆಟಿಕಲ್ ದಾರಕ್ಕೆ ಸಮವಾಗಿರಬೇಕು. ಹೊಂದಿಸಿದ ಮೇಲೆ ಸ್ಕೋಪಿನ ಕೊಳವೆಗೇ ಒಂದು ಗುಳ್ಳೆಮಟ್ಟ ಕಟ್ಟಿ, ದಾರ ನೋಡುತ್ತಲೇ ಅದರ ಗುಳ್ಳೆಯನ್ನು ನಡುವಿಗೆ ತಂದು ಬಿಗಿದರೆ, ಮೈದಾನದಲ್ಲಿ ದಾರವಿಲ್ಲದಾಗಲೂ ಅದರ ಸಾಕ್ಷಿ ಜೊತೆಗಿರುತ್ತದೆ.

ಎಲ್ಲಕ್ಕೂ ಕೊನೆಯ ಪರೀಕ್ಷೆ ಕಾಗದದ ಮೇಲೆ, ಶೂಟಿಂಗ್ ರೇಂಜಿನಲ್ಲಿ. ಒಂದು ಮೀಟರಿಗೂ ಉದ್ದದ ಹಾಳೆಯನ್ನು ಹಲಗೆಗೆ ಅಂಟಿಸಿ, ತೂಗುಗುಂಡು ಇಳಿಬಿಟ್ಟು ಅದರ ಗುಂಟ ಮಾರ್ಕರಿನಿಂದ ಗೆರೆ ಎಳೆಯಬೇಕು. ಕೆಳತುದಿಯ ಚುಕ್ಕೆಗೆ ಗುರಿಯಿಟ್ಟು ಕೆಲವು ಏಟು. ಆಮೇಲೆ ಟರೆಟ್ಟನ್ನು ಚೆನ್ನಾಗಿ ಮೇಲೆತ್ತಿ, 100 ಮೀಟರಿನ ರೈಫಲ್ಲಾದರೆ 10 ಮಿಲ್‌ನಷ್ಟು, ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೆ ಅಷ್ಟೇ ಏಟು. ಏಟುಗಳು ಎಳೆದ ಗೆರೆಯ ಗುಂಟ ಮೀಟರ್ ಎತ್ತರಕ್ಕೆ ಹತ್ತಿದ್ದರೆ ಕೆಲಸ ಸರಿಯಾಗಿದೆ. ಅಷ್ಟೆತ್ತರದಲ್ಲಿ 17 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಒಂದು ಡಿಗ್ರಿ ಉಳಿದಿದೆ ಎಂದು ಲೆಕ್ಕ. ಕೆಲವೊಮ್ಮೆ ರೆಟಿಕಲ್ ದಾರಕ್ಕೆ ಸರಿಯಾಗಿದ್ದೂ ಏಟು ಪಕ್ಕಕ್ಕೆ ಹತ್ತುತ್ತದೆ. ಆಗ ತಪ್ಪು ಸ್ಕೋಪಿನೊಳಗೇ ಇದೆ, ಗಾಜಿನ ಗೆರೆಗೂ ಟರೆಟ್ಟಿನ ಚಲನೆಗೂ ಕಾರ್ಖಾನೆಯಲ್ಲೇ ಹೊಂದಾಣಿಕೆ ತಪ್ಪಿದೆ. ಅಂಥದ್ದನ್ನು ತಯಾರಕರಿಗೆ ವಾಪಸ್ ಕಳಿಸುವುದು ಉತ್ತಮ. ಕಳಿಸಲಾಗದವರು ತಮ್ಮ ಬಳಕೆ ನೋಡಿ ಒಂದನ್ನು ಆರಿಸಿಕೊಳ್ಳಬೇಕು: ಟರೆಟ್ ತಿರುವಿ ಹೊಡೆಯುವವರು ಟರೆಟ್ಟಿನ ಚಲನೆಯನ್ನು ಗೆರೆಗೆ ಹೊಂದಿಸಿ, ರೆಟಿಕಲ್ ಒಂದಿಷ್ಟು ಓರೆ ಕಂಡರೂ ಸಹಿಸಿಕೊಳ್ಳಬೇಕು, ರೆಟಿಕಲ್ಲಿನ ಕೆಳಗುರುತುಗಳಿಂದ ಹೊಡೆಯುವವರು ರೆಟಿಕಲ್ಲನ್ನೇ ದಾರಕ್ಕೆ ಬಿಟ್ಟು ಟರೆಟ್ಟಿಗೆ ಕೈ ಹಾಕದಿರಬೇಕು.